ಲಾರಿ ಎಳೆಯುತ್ತಿಲ್ಲವೇ? ಡೀಸೆಲ್ ಎಂಜಿನ್ನಿನ ವಿದ್ಯುತ್ ದೋಷಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೆದ್ದಾರಿ ಪಕ್ಕದಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡುವ ನನ್ನ ಬಳಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಅದಾಗಲೇ ಬೇರೆಲ್ಲೋ ಹಣ ಸುರಿದು ಬಂದಿರುತ್ತವೆ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಬದಲಾಗಿರುತ್ತದೆ, ತಾಪ, ಒತ್ತಡ ಅಳೆಯುವ ಸೆನ್ಸರ್ ಬದಲಾಗಿರುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಒಂದೇ ಲಾರಿಯನ್ನು ನಂಬಿ ಸಂಸಾರ ನಡೆಸುವವನಿಗೆ ಅದು ದೊಡ್ಡ ಪೆಟ್ಟು. ಅಳೆದು ನೋಡದೆ ಯಾವ ಭಾಗವನ್ನೂ ಬದಲಿಸಬೇಡಿ ಎಂದು ಹೇಳುವುದಕ್ಕಾಗಿಯೇ ಈ ಪ್ರಶ್ನೋತ್ತರವನ್ನು ಬರೆದಿದ್ದೇನೆ. ಇಲ್ಲಿರುವ ಬ್ಯಾಟರಿ ಮತ್ತು ಚಾರ್ಜಿಂಗ್ ಅಳತೆಗಳು 24 ವೋಲ್ಟಿನ ಲಾರಿಗಳಿಗೆ ಸಂಬಂಧಿಸಿದವು. 12 ವೋಲ್ಟಿನ ಸಣ್ಣ ಗೂಡ್ಸ್ ಗಾಡಿಗಳಿಗೆ ಒಟ್ಟು ವೋಲ್ಟೇಜನ್ನು ಅರ್ಧ ಮಾಡಿಕೊಳ್ಳಿ. ಸೆನ್ಸರುಗಳ 5 ವೋಲ್ಟ್ ಮಾತ್ರ ಎರಡರಲ್ಲೂ ಒಂದೇ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಕರೆಂಟಿನ ದೋಷದಿಂದ ಅದು ಹೇಗೆ ಮಿಸ್ಸಿಂಗ್ ಹೊಡೆಯುತ್ತದೆ (ತಡವರಿಸಿ ಓಡುತ್ತದೆ)?

ಹಳೆಯ ಮೆಕ್ಯಾನಿಕಲ್ ಪಂಪಿನ ಲಾರಿಗೆ ಈ ಮಾತು ಒಪ್ಪುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಡೀಸೆಲ್ ಇರುವಷ್ಟು ಹೊತ್ತು ಓಡುತ್ತಿತ್ತು. ಕರೆಂಟಿನ ಮೇಲೆ ನಿಂತದ್ದು ಹೆಚ್ಚೆಂದರೆ ಡೀಸೆಲ್ ತಡೆಯುವ, ಕರೆಂಟಿನಿಂದ ನಡೆಯುವ ಕವಾಟವಾದ ಸೊಲೆನಾಯ್ಡ್ ಒಂದೇ.

ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರುಗಳಿಗೂ ಹೆಚ್ಚು ಒತ್ತಡದ ಡೀಸೆಲ್ ‘ರೈಲ್’ ಎಂಬ ಒಂದೇ ಕೊಳವೆಯಿಂದ ಹೋಗುವ ಏರ್ಪಾಡು ಬಂದ ಮೇಲೆ ಲೆಕ್ಕವೇ ಬೇರೆಯಾಯಿತು. ಹೊಗೆಯನ್ನು ಮಿತಿಯಲ್ಲಿಡುವ ನಿಯಮಗಳಾದ ಭಾರತ್ ಸ್ಟೇಜ್‌ಗಳ ಪೈಕಿ 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6 ಜಾರಿಗೆ ಬಂದವು. ಈ ಕಾಲದ ಎಂಜಿನ್ನುಗಳಲ್ಲಿ ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಡೀಸೆಲ್ ಎಂಬುದನ್ನು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ನಿರ್ಧರಿಸುತ್ತದೆ. ಅದಕ್ಕೆ ಸುದ್ದಿ ತರುವವು ಸೆನ್ಸರುಗಳು, ಅದರ ಆಜ್ಞೆ ನಡೆಸುವವು ಇಂಜೆಕ್ಟರುಗಳು, ನಡುವೆ ಇರುವುದೆಲ್ಲ ತಾಮ್ರದ ತಂತಿ. ಆ ತಂತಿಯಲ್ಲಿ ಸುದ್ದಿ ಕೆಟ್ಟರೆ ಡೀಸೆಲ್ಲಿನ ಲೆಕ್ಕವೂ ಕೆಡುತ್ತದೆ.

ದೋಷ ಡೀಸೆಲ್ಲಿನದೋ ಕರೆಂಟಿನದೋ ಎಂದು ಮೊದಲೇ ಊಹಿಸಬಹುದೇ?

ಬಾನೆಟ್ ತೆರೆಯುವ ಮೊದಲು ಚಾಲಕನ ಜೊತೆ ಹತ್ತು ನಿಮಿಷ ಮಾತನಾಡಿ. ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಎಳೆತ ಕಡಿಮೆಯಾಗುತ್ತಾ ಬಂದಿದೆ, ಖಾಲಿ ಗಾಡಿ ಚೆನ್ನಾಗಿ ಓಡುತ್ತದೆ, ಲೋಡ್ ಹಾಕಿದರೆ ಮಾತ್ರ ಸೋಲುತ್ತದೆ ಎಂದರೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೊ ಹೋಸ್ ಇವುಗಳನ್ನು ಮೊದಲು ನೋಡಿ. ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ತಡವಾದರೆ ಡೀಸೆಲ್ ಲೈನಿಗೆ ಗಾಳಿ ಸೇರುತ್ತಿರಬಹುದು.

ಕರೆಂಟಿನ ದೋಷ ತಟ್ಟನೆ ಬರುತ್ತದೆ, ತಟ್ಟನೆ ಹೋಗುತ್ತದೆ. ಹೊಂಡಕ್ಕೆ ಬಿದ್ದಾಗ ಬರುತ್ತದೆ. ಮಳೆಯಲ್ಲಿ ಬರುತ್ತದೆ. ಹೆಡ್‌ಲೈಟ್ ಹಾಕಿದಾಗ ಬಂದು ಆರಿಸಿದಾಗ ಹೋಗುತ್ತದೆ. ಎಂಜಿನ್ ತಿರುಗುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದು ಏಳುತ್ತದೆ. ಇಂಥ ಒಂದು ಮಾತು ಚಾಲಕನ ಬಾಯಿಂದ ಬಂದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಯಾವಾಗ ಬರುತ್ತದೆ ಎಂದಷ್ಟೇ ಕೇಳದೆ ಯಾವಾಗ ಬರುವುದಿಲ್ಲ ಎಂದೂ ಕೇಳಿ. ಇತ್ತೀಚೆಗೆ ಏನಾದರೂ ಕೆಲಸ ಮಾಡಿಸಿದಿರಾ, ಹೊಸ ಲೈಟ್ ಹಾಕಿಸಿದಿರಾ, ಲಾರಿಯ ಬಾಡಿಯಲ್ಲಿ ವೆಲ್ಡಿಂಗ್ ಆಯಿತೇ ಎಂಬುದನ್ನಂತೂ ಬಿಡಲೇಬಾರದು.

ಯಾವ ಉಪಕರಣಗಳು ಬೇಕು?

ಒಂದು ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್, 24 ವೋಲ್ಟಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್, ಇಸಿಯುವಿನಲ್ಲಿರುವ ದೋಷದ ಕೋಡುಗಳನ್ನು ಓದುವ, ಆ ಗಾಡಿಯ ಭಾಷೆ ತಿಳಿಯುವ ಸ್ಕ್ಯಾನರ್.

ಬಲ್ಬನ್ನು ಹಳೆಯ ಕಾಲದ್ದೆಂದು ತಳ್ಳಬೇಡಿ. ವೈರಿನ ಜೋಡಣೆ ಕಿಲುಬು ಹಿಡಿದು ಹೆಸರಿಗಷ್ಟೇ ತಾಗುತ್ತಿದ್ದರೂ ಮೀಟರ್ ಪೂರ್ತಿ 24 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ. ಬಲ್ಬ್ ಸುಮಾರು 1 ಆಂಪಿಯರ್ ಎಳೆದಾಗ ಆ ವೈರಿನ ಸತ್ಯ ಹೊರಬೀಳುತ್ತದೆ, ಬಲ್ಬ್ ಮಂಕಾಗುತ್ತದೆ. ಆದರೆ ಈ ಬಲ್ಬನ್ನು ಫ್ಯೂಸ್, ರಿಲೇ, ದಪ್ಪ ಪವರ್ ವೈರುಗಳಿಗೆ ಮಾತ್ರ ಬಳಸಿ. ಇಸಿಯುವಿನ ಸೆನ್ಸರ್ ವೈರಿಗೆ ಹಚ್ಚಿದರೆ ಇಸಿಯು ಸುಡಬಹುದು.

ಬ್ಯಾಟರಿ ಹೊಸದು. ಅದನ್ನೂ ನೋಡಬೇಕೇ?

ನೋಡಲೇಬೇಕು. 24 ವೋಲ್ಟಿನ ಲಾರಿಯಲ್ಲಿ ಸರಣಿಯಾಗಿ ಜೋಡಿಸಿದ 12 ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ, ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ತುಂಬಿದ ಬ್ಯಾಟರಿ ತಲಾ 12.6 ವೋಲ್ಟ್ ಆಸುಪಾಸು ಇರಬೇಕು, ಎರಡೂ ಸೇರಿ 25ಕ್ಕಿಂತ ಸ್ವಲ್ಪ ಮೇಲೆ. ಸೆಲ್ಫ್ ಹೊಡೆಯುವಾಗ ಒಟ್ಟು ವೋಲ್ಟೇಜ್ 19ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ, ಕೇಬಲ್ ಅಥವಾ ಸೆಲ್ಫ್ ಮೋಟಾರ್ ಮೇಲೆ ಅನುಮಾನ ಪಡಿ. ಎಂಜಿನ್ ನಿಧಾನವಾಗಿ ತಿರುಗಿದರೆ ರೈಲಿನಲ್ಲಿ ಒತ್ತಡ ಏರುವುದಿಲ್ಲ, ಒತ್ತಡ ಏರದೆ ಇಸಿಯು ಇಂಜೆಕ್ಟರನ್ನು ತೆರೆಯುವುದಿಲ್ಲ. ‘ಪಂಪ್ ಹೋಗಿದೆ’ ಎಂದು ಬಿಚ್ಚಿಸಿಕೊಂಡು ಬರುವ ಎಷ್ಟೋ ಲಾರಿಗಳ ಕಥೆ ಇಷ್ಟೇ.

ಎಂಜಿನ್ ಓಡುವಾಗ 27.5ರಿಂದ 28.8 ವೋಲ್ಟ್ ಇರಬೇಕು. ಆಮೇಲೆ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಟರ್ಮಿನಲ್‌ಗಳಲ್ಲೇ ಮತ್ತೊಮ್ಮೆ ಅಳೆಯಿರಿ. ಇದನ್ನು ಬಹಳ ಮಂದಿ ಮಾಡುವುದಿಲ್ಲ. ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ಕಂಡರೆ ಡೈನಮೊ ಒಳಗಿನ ಡಯೋಡ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಬ್ಯಾಟರಿ ಚಾರ್ಜ್ ಆಗುತ್ತಲೇ ಇರುತ್ತದೆ, ಆದರೆ ಆ ಏರಿಳಿತ ಸೆನ್ಸರ್ ಸಂಕೇತಗಳಲ್ಲಿ ಬೆರೆತು ಎಂಜಿನ್ ನಡುಗಲು ತೊಡಗಬಹುದು.

ಮ್ಯೂಸಿಕ್ ಸಿಸ್ಟಮ್ಮಿಗೆ ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದರೆ ತಪ್ಪೇನು?

ಆ ಒಂದು ಬ್ಯಾಟರಿ ದಿನವೂ ಹೆಚ್ಚು ಖಾಲಿಯಾಗುತ್ತದೆ. ಡೈನಮೊ ಮಾತ್ರ ಎರಡನ್ನೂ ಒಂದೇ ಸರಣಿ ಎಂದು ಎಣಿಸಿ ಚಾರ್ಜ್ ಮಾಡುತ್ತದೆ. ಕಾಲಕ್ರಮೇಣ ಒಂದು ಹಸಿದು ಸಾಯುತ್ತದೆ, ಇನ್ನೊಂದು ಹೆಚ್ಚು ಉಂಡು ಕುದಿಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಅದರ ಬೆಲೆ ಹೊಸ ಬ್ಯಾಟರಿಯ ಮುಂದೆ ಏನೂ ಅಲ್ಲ. ಬದಲಿಸುವಾಗ ಎರಡು ಬ್ಯಾಟರಿಗಳನ್ನೂ ಒಟ್ಟಿಗೆ, ಒಂದೇ ಸಾಮರ್ಥ್ಯದವನ್ನು ಹಾಕಿ.

ಅರ್ತ್ ಚೆನ್ನಾಗಿದೆಯೇ ಎಂದು ನೋಡುವುದು ಹೇಗೆ? ಕಣ್ಣಿಗೆ ಎಲ್ಲ ಬಿಗಿಯಾಗಿಯೇ ಕಾಣುತ್ತದೆ.

ಈ ಒಂದು ಪ್ರಶ್ನೆಗೆ ಉದ್ದವಾಗಿ ಉತ್ತರಿಸುತ್ತೇನೆ, ಏಕೆಂದರೆ ನಾನು ಕಂಡ ದೋಷಗಳಲ್ಲಿ ಅತಿ ಹೆಚ್ಚು ಇದ್ದದ್ದು ಇಲ್ಲೇ.

ಪ್ಲಸ್ ವೈರಿನಲ್ಲಿ ಹೋದ ಕರೆಂಟ್ ಅಷ್ಟೂ ಚಾಸಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಬೇಕು. ಬೋಲ್ಟ್ ಬಿಗಿಯಾಗಿರಬಹುದು, ಆದರೆ ಅದರ ಅಡಿಯಲ್ಲಿ ಪೇಂಟ್, ತುಕ್ಕು, ಹಸಿರು ಕಿಲುಬು ಕೂತಿದ್ದರೆ ಕರೆಂಟಿಗೆ ದಾರಿ ಕಿರಿದಾಗುತ್ತದೆ. ಅದನ್ನು ಕಣ್ಣಿನಿಂದಾಗಲೀ ಓಮ್ ಅಳತೆಯಿಂದಾಗಲೀ ಹಿಡಿಯಲಾಗದು. ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ, ಕೆಂಪು ಮೊನೆಯನ್ನು ಎಂಜಿನ್ ಬ್ಲಾಕಿನ ಪೇಂಟ್ ಇಲ್ಲದ ಜಾಗದ ಮೇಲೆ ಒತ್ತಿಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಎಂಜಿನ್ನಿನ ಅರ್ತ್ ಪಟ್ಟಿ ಅಥವಾ ಕೇಬಲ್ಲಿನಲ್ಲಿ ದೋಷವಿದೆ. ನಂತರ ಎಂಜಿನ್ ಓಡಿಸಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ, ಇಸಿಯುವಿನ ಅರ್ತ್ ಬೋಲ್ಟಿನ ಮೇಲೆ ಕೆಂಪು ಮೊನೆ ಇಡಿ. ಅಲ್ಲಿ 0.1 ವೋಲ್ಟಿಗಿಂತ ಹೆಚ್ಚು ಇರಬಾರದು. ಪ್ಲಸ್ ಬದಿಯನ್ನೂ ಹೀಗೆಯೇ ನೋಡಿ: ಬ್ಯಾಟರಿ ಪ್ಲಸ್‌ನಿಂದ ಇಸಿಯುವಿನ ಫ್ಯೂಸ್ ದಾಟಿದ ಜಾಗದವರೆಗೆ. ಫ್ಯೂಸ್ ಸರಿಯಿದ್ದು ಅದನ್ನು ಹಿಡಿಯುವ ಕ್ಲಿಪ್ ಸಡಿಲವಾದ ಗಾಡಿಗಳು ಬೇಕಾದಷ್ಟಿವೆ.

ಒಂದು ಗಾಡಿಯ ನೆನಪು ಹೇಳುತ್ತೇನೆ. ಮಂಗಳೂರಿನ ಕಡೆಯಿಂದ ಶಿರಾಡಿ ಘಾಟ್ ಹತ್ತಿ ಬರುತ್ತಿದ್ದ ಬಿಎಸ್ 4 ಲಾರಿ. ಹಗಲು ಹೊತ್ತು ಒಂದು ದೂರೂ ಇಲ್ಲ, ಕತ್ತಲಾದ ಮೇಲೆ ಮಿಸ್ಸಿಂಗ್. ರಾತ್ರಿಯ ತಂಪಿಗೆ ಹೀಗಾಗುತ್ತದೆ ಎಂದು ಒಂದು ಕಡೆ ಹೇಳಿದರಂತೆ, ಇನ್ನೊಂದು ಕಡೆ ಎರಡು ಇಂಜೆಕ್ಟರ್ ಬದಲಿಸಿದರಂತೆ. ನನ್ನ ಬಳಿ ಬಂದಾಗ ಹಗಲಾಗಿತ್ತು, ಎಂಜಿನ್ ಗಡಿಯಾರದಂತೆ ಓಡುತ್ತಿತ್ತು. ಚಾಲಕ ಹೇಳಿದ ‘ಕತ್ತಲಾದ ಮೇಲೆ’ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕ್ಯಾಬಿನ್ ಮೇಲಿನ ಹೆಚ್ಚುವರಿ ದೀಪಗಳೂ ಸೇರಿ ಎಲ್ಲ ಲೈಟ್ ಹಾಕಲು ಹೇಳಿದೆ. ಇಸಿಯು ಅರ್ತ್ ಬೋಲ್ಟಿನಲ್ಲಿ 0.1 ಇದ್ದ ಅಳತೆ 1.3 ವೋಲ್ಟಿಗೆ ಏರಿತು, ಎಂಜಿನ್ ಕೂಡಲೇ ನಡುಗಿತು. ದೀಪ ಹಾಕಿದವರು ಅವುಗಳ ಮೈನಸ್ ವೈರುಗಳನ್ನೆಲ್ಲ ತಂದು ಅದೇ ಬೋಲ್ಟಿಗೆ ಬಿಗಿದಿದ್ದರು, ಬಿಗಿಯುವ ಮುನ್ನ ಪೇಂಟನ್ನೂ ಕೆರೆದಿರಲಿಲ್ಲ. ದೀಪಗಳ ಅರ್ತನ್ನು ಬೇರೆ ಜಾಗಕ್ಕೆ ಒಯ್ದು, ಬೋಲ್ಟಿನ ಅಡಿಯನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಖರ್ಚು ಒಂದು ಹಾಳೆ ಉಪ್ಪುಕಾಗದದ್ದು. ಬಿಚ್ಚಿದ್ದ ಹಳೆಯ ಇಂಜೆಕ್ಟರುಗಳು ಒಳ್ಳೆಯವೇ ಇದ್ದವು, ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಸ್ಕ್ಯಾನರ್ ಯಾವ ಸೆನ್ಸರ್ ಹೆಸರು ಹೇಳುತ್ತದೋ ಅದನ್ನು ಬದಲಿಸಿದರೆ ಸಾಕಲ್ಲವೇ?

ಸಾಲದು. ‘ಈ ದಾರಿಯಲ್ಲಿ ಬಂದ ಸುದ್ದಿ ನಂಬುವಂತಿಲ್ಲ’ ಎಂದಷ್ಟೇ ಕೋಡ್ ಹೇಳುತ್ತದೆ. ಆ ದಾರಿಯಲ್ಲಿ ಸೆನ್ಸರ್ ಇದೆ, ಅದಕ್ಕೆ ವೈರ್ ಜೋಡಿಸುವ ಕಪ್ಲರ್ ಇದೆ, ವೈರ್ ಇದೆ, ಇಸಿಯು ಇದೆ.

ದೊಡ್ಡ ಲಾರಿಗಳ ಕೋಡಿನಲ್ಲಿ ಎರಡು ಸಂಖ್ಯೆ ಇರುತ್ತವೆ. ಎಸ್‌ಪಿಎನ್ ಎಂಬುದು ಯಾವುದರ ದೋಷ ಎಂದು ಹೇಳುತ್ತದೆ: 91 ಆಕ್ಸಿಲರೇಟರ್ ಪೆಡಲ್, 102 ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ) ಒತ್ತಡ, 110 ಕೂಲಂಟ್ ತಾಪ, 157 ರೈಲ್ ಒತ್ತಡ, 190 ಎಂಜಿನ್ ವೇಗ. ಎಫ್‌ಎಂಐ ಎಂಬುದು ದೋಷದ ಬಗೆಯನ್ನು ಹೇಳುತ್ತದೆ: 3 ಎಂದರೆ ವೋಲ್ಟೇಜ್ ಮಿತಿಗಿಂತ ಹೆಚ್ಚು, 4 ಎಂದರೆ ಕಡಿಮೆ, 5 ಎಂದರೆ ಕರೆಂಟ್ ಹರಿಯುತ್ತಿಲ್ಲ, ಬಹುಶಃ ವೈರ್ ತುಂಡಾಗಿದೆ. ಈ ಎರಡನೆಯ ಸಂಖ್ಯೆಯನ್ನು ಬರೆದುಕೊಳ್ಳದೆ ಕೋಡ್ ಅಳಿಸುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಅದೇ ನಮ್ಮ ಕೈಗೆ ಸಿಕ್ಕ ಸುಳಿವು.

ಕೂಲಂಟ್ ತಾಪದ ಎರಡು ಪಿನ್ನಿನ ಸೆನ್ಸರ್ ಮೇಲೆ ಅಭ್ಯಾಸ ಮಾಡಿ. ಕಪ್ಲರ್ ಬಿಚ್ಚಿದರೆ ಸ್ಕ್ಯಾನರಿನಲ್ಲಿ ತಾಪ ಸೊನ್ನೆಗಿಂತ ಬಹಳ ಕೆಳಗೆ, ಮೈನಸ್ 40ರ ಹತ್ತಿರ ಇಳಿಯಬೇಕು. ಕಪ್ಲರಿನ ಎರಡು ಪಿನ್‌ಗಳನ್ನು ತೆಳು ವೈರಿನಿಂದ ಜೋಡಿಸಿದರೆ ಅಳತೆ ಮಿತಿಯ ತುದಿಗೆ ಏರಬೇಕು. ಎರಡೂ ಆದರೆ ವೈರ್ ಮತ್ತು ಇಸಿಯು ಸರಿ, ಸೆನ್ಸರನ್ನು ಅನುಮಾನಿಸಬಹುದು. ಆಗದಿದ್ದರೆ ಹೊಸ ಸೆನ್ಸರ್ ತಂದು ಪ್ರಯೋಜನವಿಲ್ಲ. ಮೂರು ಪಿನ್ನಿನ ಒತ್ತಡದ ಸೆನ್ಸರಿಗೆ ಈ ಜೋಡಿಸುವ ಪರೀಕ್ಷೆ ಮಾಡಬೇಡಿ. ಅಲ್ಲಿ 5 ವೋಲ್ಟ್ ಬರುತ್ತಿದೆಯೇ, ಅರ್ತ್ ಇದೆಯೇ ಎಂದು ಮಾತ್ರ ಅಳೆಯಿರಿ.

ಸಂಬಂಧವಿಲ್ಲದ ನಾಲ್ಕೈದು ಸೆನ್ಸರುಗಳ ಕೋಡ್ ಒಟ್ಟಿಗೆ ಬಂದರೆ ಅವೆಲ್ಲ ಒಟ್ಟಿಗೆ ಕೆಟ್ಟಿವೆ ಎಂದು ನಂಬಬೇಡಿ. ಹಲವು ಸೆನ್ಸರುಗಳಿಗೆ 5 ವೋಲ್ಟ್ ಒಂದೇ ಮೂಲದಿಂದ ಹೋಗುತ್ತದೆ. ಒಂದು ಶಾರ್ಟ್ ಆದರೆ ಉಳಿದವೂ ಕುರುಡಾಗುತ್ತವೆ. 5 ವೋಲ್ಟ್ ವೈರಿಗೆ ಮೀಟರ್ ಹಚ್ಚಿಟ್ಟು ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬಂತೋ ಕಳ್ಳ ಅಲ್ಲಿದ್ದಾನೆ. ಯಾವುದಕ್ಕೂ ಬಾರದಿದ್ದರೆ ವೈರಿಂಗ್ ಎಲ್ಲೋ ಚಾಸಿಗೆ ತಾಗುತ್ತಿದೆ.

ಪಿ0087 ಕೋಡ್ ಬಂದಿದೆ. ರೈಲ್ ಒತ್ತಡದ ಸೆನ್ಸರ್ ಹೋಗಿದೆಯೇ?

ಆ ಕೋಡ್ ಹೇಳುವುದು ರೈಲಿನಲ್ಲಿ ಒತ್ತಡ ಕಡಿಮೆ ಎಂದು, ಮತ್ತು ಅದು ನಿಜವೇ ಇರಬಹುದು. ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಲೈನಿನಲ್ಲಿ ಗಾಳಿ ಇದೆಯೇ ನೋಡಿ. ಎಂಜಿನ್ ನಿಂತು ಸ್ವಲ್ಪ ಹೊತ್ತಾದ ಮೇಲೆ ಕೀ ಆನ್ ಮಾಡಿದರೆ ಸೆನ್ಸರಿನ ಸಂಕೇತ ಸಾಮಾನ್ಯವಾಗಿ ಅರ್ಧ ವೋಲ್ಟ್ ಆಸುಪಾಸು ಇರುತ್ತದೆ. ಅಲ್ಲಿಂದ ಬಹಳ ದೂರವಿದ್ದರೆ ಮಾತ್ರ ಸೆನ್ಸರ್ ಮತ್ತು ಅದರ ವೈರಿನ ಕಡೆ ಹೋಗಿ.

ಬಿಸಿಯಾದ ಮೇಲೆ ಎಂಜಿನ್ ನಿಂತುಬಿಡುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಏನಿರಬಹುದು?

ಎಂಜಿನ್ ತಿರುಗುವುದನ್ನು ಇಸಿಯುವಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರನ್ನು ಮೊದಲು ನೋಡಿ. ಒಳಗಿನ ಸುರುಳಿಯ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಕಡಿದುಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಹಾಗಾಗಿ ತಣ್ಣಗಿನ ಗಾಡಿಯಲ್ಲಿ ಅಳೆದು ‘ಸರಿಯಿದೆ’ ಎನ್ನಬೇಡಿ. ನಿಂತ ತಕ್ಷಣವೇ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ತೋರಿಸಿದರೆ ದಾರಿ ಸಿಕ್ಕಿತು. ಸೆನ್ಸರ್ ಬಿಚ್ಚಿ ಅದರ ತುದಿಗೆ ಕಬ್ಬಿಣದ ಪುಡಿ ಅಂಟಿದೆಯೇ ನೋಡಿ, ಕೆಲವೊಮ್ಮೆ ಒರೆಸಿದರೆ ಸಾಕಾಗುತ್ತದೆ. ಎರಡು ಪಿನ್ನಿನ ಸುರುಳಿ ಸೆನ್ಸರನ್ನು ಓಮ್‌ನಲ್ಲಿ ಅಳೆಯಬಹುದು. ಮೂರು ಪಿನ್ನಿನದಕ್ಕೆ ಸಾಮಾನ್ಯವಾಗಿ ಒಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ, ಅದರ ಮೇಲೆ ಓಮ್ ಅಳತೆ ಬೇಡ.

ರೇಸ್ ಕೊಟ್ಟರೂ ಎಂಜಿನ್ ಏರುವುದಿಲ್ಲ.

ಪೆಡಲ್ಲಿನಲ್ಲಿ ಎರಡು ಸೆನ್ಸರ್ ದಾರಿಗಳಿರುತ್ತವೆ. ಬಹಳ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡರಷ್ಟು. ಎರಡೂ ಹೊಂದಿಕೆಯಾಗದಿದ್ದರೆ ಇಸಿಯು ಪೆಡಲನ್ನು ನಂಬದೆ ಎಂಜಿನ್ ವೇಗವನ್ನು ಮಿತಿಯಲ್ಲಿ ಹಿಡಿದಿಡುತ್ತದೆ. ಕೀ ಆನ್, ಎಂಜಿನ್ ಆಫ್ ಇಟ್ಟುಕೊಂಡು ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತಾ ಸ್ಕ್ಯಾನರಿನಲ್ಲಿ ಎರಡನ್ನೂ ನೋಡಿ. ನಡುವೆ ಒಂದು ಹಾರಿಬಿದ್ದರೆ ಪೆಡಲ್ ಅಥವಾ ಅದರ ಕಪ್ಲರ್ ಕೆಟ್ಟಿದೆ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಇಂಜೆಕ್ಟರಿನ ಡೀಸೆಲ್ ಪೈಪ್ ನಟ್ ಸಡಿಲಿಸಿ ನೋಡಬಹುದೇ?

ಬೇಡ. ದಯವಿಟ್ಟು ಬೇಡ. ಹಳೆಯ ಎಂಜಿನ್ನಿನಲ್ಲಿ ನಾವೆಲ್ಲ ಹಾಗೆಯೇ ಕಲಿತೆವು. ಕಾಮನ್ ರೈಲಿನಲ್ಲಿ ಒತ್ತಡ 1,600 ಬಾರ್ ಮತ್ತು ಅದಕ್ಕೂ ಮೇಲೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಡೀಸೆಲ್ ಧಾರೆ ಚರ್ಮವನ್ನು ಸೀಳಿ ಒಳಹೊಗುತ್ತದೆ, ಬೆರಳು ಕತ್ತರಿಸಬೇಕಾಗುವಷ್ಟು ಅಪಾಯ. ಅಂಥ ಗಾಯ ಸೂಜಿಯ ಚುಚ್ಚಿನಂತೆ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಸ್ಕ್ಯಾನರಿನ ಸಿಲಿಂಡರ್ ಕಟ್‌ಔಟ್ ಪರೀಕ್ಷೆ ಇರುವುದೇ ಇದಕ್ಕೆ. ಯಾವ ಸಿಲಿಂಡರನ್ನು ನಿಲ್ಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದು ಮೊದಲೇ ಸೋಮಾರಿ. ಕೀ ಆಫ್ ಮಾಡಿ ಆ ಇಂಜೆಕ್ಟರಿನ ಸೊಲೆನಾಯ್ಡನ್ನು ಅಳೆಯಿರಿ, ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ ಇರುತ್ತದೆ. ಪಕ್ಕದ ಇಂಜೆಕ್ಟರಿನ ಜೊತೆ ಹೋಲಿಸುವುದು ಉತ್ತಮ. ವಾಲ್ವ್ ಕವರ್ ಒಳಗೆ ಹಾದುಹೋಗುವ ಇಂಜೆಕ್ಟರ್ ವೈರುಗಳು ಎಣ್ಣೆಯ ಬಿಸಿಗೆ ಗಡುಸಾಗಿ ಸಿಪ್ಪೆ ಒಡೆದಿರುತ್ತವೆ, ಅವನ್ನು ನೋಡದೆ ಇಂಜೆಕ್ಟರಿಗೆ ಹಣ ಕೊಡಬೇಡಿ. ಎಂಜಿನ್ ಓಡುವಾಗ ಆ ವೈರುಗಳಲ್ಲಿ 50 ವೋಲ್ಟಿಗಿಂತ ಹೆಚ್ಚು ಬರುವುದರಿಂದ ಕೈ ಹಾಕಬೇಡಿ.

ಮಳೆಗಾಲದಲ್ಲಿ ಅಥವಾ ವಾಟರ್ ಸರ್ವಿಸ್ ಆದ ಮೇಲೆಯೇ ತೊಂದರೆ ಶುರುವಾಗುವುದೇಕೆ?

ಒತ್ತಡದ ನೀರು ಕಪ್ಲರಿನ ರಬ್ಬರ್ ಸೀಲನ್ನು ದಾಟಿ ಒಳಗೆ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಪಿನ್ ಹಸಿರಾಗುತ್ತದೆ. ಕರಾವಳಿಯಲ್ಲಿ ಓಡುವ ಗಾಡಿಗಳಿಗೆ, ಅದರಲ್ಲೂ ಮಲ್ಪೆ, ಮಂಗಳೂರು ಬಂದರುಗಳಿಂದ ಮೀನು ಹೊರುವ ಲಾರಿಗಳಿಗೆ ಉಪ್ಪುನೀರು ಚಾಸಿಯ ಮೇಲೆ ಸದಾ ಸುರಿಯುತ್ತದೆ. ಅಂಥ ಗಾಡಿಯ ಅರ್ತ್ ಬೋಲ್ಟ್‌ಗಳನ್ನು ಮಳೆಗಾಲಕ್ಕೆ ಮೊದಲು ಮತ್ತು ನಂತರ ಬಿಚ್ಚಿ ಉಜ್ಜಲೇಬೇಕು.

ಬಂದು ಹೋಗುವ ದೋಷ ಹಿಡಿಯಲು ಎಂಜಿನ್ ಓಡಿಸಿಟ್ಟು ವೈರಿಂಗನ್ನು ತುದಿಯಿಂದ ತುದಿಗೆ ಸ್ವಲ್ಪ ಸ್ವಲ್ಪವೇ ಅಲುಗಾಡಿಸುತ್ತಾ ಹೋಗಿ. ಫ್ಯಾನು, ಬೆಲ್ಟುಗಳಿಂದ ಕೈ ಮತ್ತು ಬಟ್ಟೆ ದೂರವಿರಲಿ. ಕ್ಲ್ಯಾಂಪ್ ಇರುವಲ್ಲಿ, ಕ್ಯಾಬಿನ್ ಮಡಚುವ ಜಾಗದಲ್ಲಿ, ಕಬ್ಬಿಣದ ಅಂಚಿಗೆ ಉಜ್ಜುವಲ್ಲಿ ನಿಧಾನಿಸಿ. ಗೋದಾಮಿನ ಬಳಿ ನಿಲ್ಲುವ ಗಾಡಿಯಾದರೆ ಇಲಿ ಕಡಿದಿರಬಹುದು. ಸೂಜಿ ಚುಚ್ಚಿ ವೈರ್ ಪರೀಕ್ಷಿಸುವ ಅಭ್ಯಾಸ ಬಿಡಿ, ಆ ಸಣ್ಣ ತೂತಿನಿಂದ ಮುಂದಿನ ಮಳೆಗಾಲದಲ್ಲಿ ನೀರು ಒಳಗಿಳಿಯುತ್ತದೆ. ತುಂಡಾದ ವೈರನ್ನು ತಿರುಚಿ ಟೇಪ್ ಸುತ್ತಿದರೆ ಸಾಲದು, ಸರಿಯಾಗಿ ಕ್ರಿಂಪ್ ಮಾಡಿ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ.

ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಸ್ಕ್ಯಾನರೂ ಮಾತನಾಡುತ್ತಿಲ್ಲ.

ಕ್ಯಾನ್ ಲೈನ್ ನೋಡಿ. ಇಸಿಯುವಿನಂಥ ಕಂಪ್ಯೂಟರ್ ಪೆಟ್ಟಿಗೆಗಳು ಪರಸ್ಪರ ಮಾತನಾಡುವ, ಒಂದಕ್ಕೊಂದು ಹೆಣೆದ ಜೋಡಿ ವೈರ್ ಅದು. ಬ್ಯಾಟರಿ ಸಂಪರ್ಕ ತೆಗೆದು, ಸ್ಕ್ಯಾನರ್ ಹಾಕುವುದು 16 ಪಿನ್ನಿನ ಸಾಕೆಟ್ ಆದರೆ ಸಾಮಾನ್ಯವಾಗಿ 6 ಮತ್ತು 14ರ ನಡುವೆ ಓಮ್ ಅಳೆಯಿರಿ. ಎರಡು ತುದಿಗಳಲ್ಲಿ ತಲಾ 120 ಓಮ್ ಇರುವುದರಿಂದ ಮೀಟರಿನಲ್ಲಿ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರುಗಳು ಒಂದಕ್ಕೊಂದು ತಾಗಿವೆ. ಹೊರಗಿನಿಂದ ಹಾಕಿಸಿದ ಜಿಪಿಎಸ್ ಸಾಧನ ಈ ಲೈನಿಗೆ ಕೈ ಹಾಕಿದ್ದರೆ ಮೊದಲು ಅದನ್ನು ಬಿಡಿಸಿ.

ಬಿಎಸ್ 6 ಲಾರಿ. ಯೂರಿಯಾ ದೀಪ ಬಂದು ಎಳೆತ ಕಡಿಮೆಯಾಗಿದೆ. ಆ ವೈರ್ ಕಿತ್ತರೆ?

ಕಿತ್ತರೆ ಎಳೆತ ಇನ್ನೂ ಕಡಿಮೆಯಾಗುತ್ತದೆ. ಯೂರಿಯಾ ದ್ರಾವಣ ಇರುವುದೇ ಹೊಗೆಯನ್ನು ಶುದ್ಧ ಮಾಡಲು, ಹೊಗೆ ಶುದ್ಧವಾಗದಿದ್ದರೆ ಶಕ್ತಿ ತಗ್ಗಿಸು ಎಂದು ಇಸಿಯುವಿಗೆ ಹೇಳಿಟ್ಟಿದ್ದಾರೆ. ಟ್ಯಾಂಕಿನಲ್ಲಿರುವುದು 32.5 ಶೇಕಡಾ ಯೂರಿಯಾ ಇರುವ ಸರಿಯಾದ ದ್ರಾವಣವೇ, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ಅಳೆಯುವ ನಾಕ್ಸ್ ಸೆನ್ಸರಿನ ಕಪ್ಲರಿಗೆ ಕರೆಂಟ್ ಬರುತ್ತಿದೆಯೇ, ಸೈಲೆನ್ಸರ್ ಪಕ್ಕದ ವೈರ್ ಬಿಸಿಗೆ ಕರಗಿದೆಯೇ ನೋಡಿ. ಇನ್ನೊಂದು ಮಾತು: ಕೀ ಆಫ್ ಮಾಡಿದ ಮರುಕ್ಷಣವೇ ಬ್ಯಾಟರಿ ಮೇನ್ ಸ್ವಿಚ್ ಆರಿಸಬೇಡಿ. ಎಂಜಿನ್ ನಿಂತ ಮೇಲೂ ಪಂಪ್ ಪೈಪಿನಲ್ಲಿರುವ ಯೂರಿಯಾವನ್ನು ವಾಪಸ್ ಎಳೆಯುತ್ತಿರುತ್ತದೆ. ಕೆಲವು ನಿಮಿಷ ಬಿಡಿ, ಇಲ್ಲದಿದ್ದರೆ ಅದು ಹರಳುಗಟ್ಟಿ ದಾರಿ ಕಟ್ಟುತ್ತದೆ.

ಗ್ಯಾರೇಜಿನಲ್ಲಿ ಯಾವುದಕ್ಕೆ ಬಿಡಬಾರದು?

ಡೈನಮೊ ಪರೀಕ್ಷಿಸಲು ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ತೆಗೆಯುವುದಕ್ಕೆ. ಆಗ ಏಳುವ ವೋಲ್ಟೇಜ್ ಇಸಿಯುವನ್ನು ಕೊಲ್ಲಬಲ್ಲದು. ಬ್ಯಾಟರಿ ಸಂಪರ್ಕ ಮತ್ತು ಇಸಿಯು ಕಪ್ಲರುಗಳನ್ನು ತೆಗೆಯದೆ ಲಾರಿಯ ಬಾಡಿಯಲ್ಲಿ ವೆಲ್ಡಿಂಗ್ ಮಾಡುವುದಕ್ಕೆ. ಸುಟ್ಟ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತುವುದಕ್ಕೆ: ಆಮೇಲೆ ಸುಡುವುದು ಗಾಡಿಯೇ.

ರಾತ್ರಿ ಘಾಟಿಯಲ್ಲಿ ಎಂಜಿನ್ ನಿಂತರೆ, ಕೈಯಲ್ಲಿ ಏನೂ ಇಲ್ಲದಿದ್ದರೆ?

ಚಕ್ರಕ್ಕೆ ಕಲ್ಲು ಕೊಡಿ, ಹಿಂದೆ ಎಚ್ಚರಿಕೆಯ ತ್ರಿಕೋನ ಇಡಿ. ಆಮೇಲೆ ಬ್ಯಾಟರಿ ಟರ್ಮಿನಲ್‌ಗಳನ್ನು ಕೈಯಿಂದ ತಿರುಗಿಸಿ ನೋಡಿ, ಅಲುಗಾಡಿದರೆ ಬಿಗಿಗೊಳಿಸಿ. ಇಸಿಯುವಿನ ಫ್ಯೂಸನ್ನು ತೆಗೆದು ನೋಡಿ, ಸರಿಯಿದ್ದರೆ ಮತ್ತೆ ಒತ್ತಿ ಕೂರಿಸಿ. ಅದರ ರಿಲೇಯನ್ನು ಅದೇ ನಂಬರಿನ ಹಾರ್ನ್ ರಿಲೇ ಜೊತೆ ಅದಲುಬದಲು ಮಾಡಿ. ಕ್ರ್ಯಾಂಕ್ ಸೆನ್ಸರಿನ ಕಪ್ಲರ್ ಕೈಗೆ ಸಿಗುವಂತಿದ್ದರೆ ಬಿಚ್ಚಿ, ಬಟ್ಟೆಯಿಂದ ಒರೆಸಿ ಹಾಕಿ. ಇಷ್ಟಕ್ಕೂ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುತ್ತಲೇ ಇದ್ದು ಬ್ಯಾಟರಿ ಮುಗಿಸಬೇಡಿ. ಬೆಳಗಾಗುವವರೆಗೆ ಪಾರ್ಕಿಂಗ್ ದೀಪ ಉರಿಯಲು ಅದು ಬೇಕು.